ಬಂಗುಡೆಗೆ ಯಾರು ಹತ್ತಿರದ ನೆಂಟರು: ತೊರಕೆಯೋ, ನಾವೋ?

ಆಗಸ್ಟ್ ಬಂತೆಂದರೆ ನಮ್ಮ ಕರಾವಳಿಯ ಮೀನು ಮಾರುಕಟ್ಟೆಗೆ ಮತ್ತೆ ಜೀವ ಬರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ರಜೆ ಮುಗಿದ ಮೇಲೆ ಬಂದ ಮೊದಲ ಭಾನುವಾರ ಮಗಳನ್ನು ಕರೆದುಕೊಂಡು ಹೋಗಿದ್ದೆ. ಅವಳಿಗೆ ಶಾಲೆಯಲ್ಲಿ ಅದೇ ವಾರ ಬೆನ್ನೆಲುಬಿನ ಪ್ರಾಣಿಗಳ ಪಾಠ. ಐದು ಗುಂಪು ಬಾಯಿಪಾಠ ಮಾಡಿದ್ದಳು: ಮೀನು, ಉಭಯವಾಸಿ, ಸರೀಸೃಪ, ಹಕ್ಕಿ, ಸಸ್ತನಿ.

ಮೀನಿನ ಅಕ್ಕನ ಮುಂದೆ ಬುಟ್ಟಿಗಳ ಸಾಲು. ಬಂಗುಡೆ, ಭೂತಾಯಿ, ಅಂಜಲ್. ಪಕ್ಕದಲ್ಲಿ ತುಂಡು ಮಾಡಿಟ್ಟ ತೊರಕೆ, ಅಂದರೆ ಚಪ್ಪಟೆ ಮೈಯ, ಉದ್ದ ಬಾಲದ ರೇ ಮೀನು. ಆಚೆ ಎಟ್ಟಿ (ಸಿಗಡಿ), ಏಡಿ, ಬೊಂಡಾಸ್ (ಸ್ಕ್ವಿಡ್). ಮಗಳು ಒಂದೊಂದನ್ನೇ ತೋರಿಸಿ, "ಇದು ಮೀನಾ? ಇದು ಮೀನಾ?" ಅಂತ ಕೇಳುತ್ತಾ ಹೋದಳು. ತೊರಕೆಯ ಸರದಿ ಬಂದಾಗ ಅಕ್ಕ ಅಂದಳು, "ಮೀನೇ ಮಾರಾಯ್ತಿ. ಆದ್ರೆ ಅದ್ರ ಕಥೆ ಬೇರೆ. ಇವತ್ತೇ ಅಡುಗೆ ಮಾಡ್ಬೇಕು, ನಾಳೆಗಿಟ್ರೆ ಮೂಗು ಮುಚ್ಕೊಳ್ಬೇಕಾಗ್ತದೆ."

ಅಕ್ಕ ಹೇಳಿದ್ದು ಎಷ್ಟು ಸರಿ ಅನ್ನುವುದು ಆಮೇಲೆ ಓದಿದಾಗ ಗೊತ್ತಾಯಿತು. ತೊರಕೆಯ ಕಥೆ ನಿಜಕ್ಕೂ ಬೇರೆ. ಎಷ್ಟು ಬೇರೆ ಎಂದರೆ, ಬಂಗುಡೆಗೆ ತೊರಕೆಗಿಂತ ನಾನೂ ನೀವೂ ಹತ್ತಿರದ ನೆಂಟರು. ಇದು ತಮಾಷೆಗೆ ಹೇಳಿದ್ದಲ್ಲ, ಜೀವಶಾಸ್ತ್ರಜ್ಞರು ಒಪ್ಪಿದ ಲೆಕ್ಕ. ಅದು ಹೇಗೆ ಅಂತ ಬುಡದಿಂದ ನೋಡೋಣ.

ಈ ಲೆಕ್ಕ ಪಾಠಕ್ಕೆ ಮಾತ್ರ ಬೇಕಾದದ್ದೂ ಅಲ್ಲ. 2022ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ಬಂತು. ಶಾರ್ಕ್ ಮತ್ತು ತೊರಕೆಗಳ ಇನ್ನಷ್ಟು ಜಾತಿಗಳು ರಕ್ಷಿತ ಪಟ್ಟಿಗೆ ಸೇರಿದವು. ಬಲೆಗೆ ಬಿದ್ದದ್ದು ಯಾವ ಗುಂಪಿನದು, ಯಾವ ಜಾತಿಯದು ಎಂದು ಗುರುತಿಸುವುದು ಈಗ ದೋಣಿಯವರಿಗೂ ಬೇಕಾದ ವಿದ್ಯೆ.

## ಮೊದಲು ಬುಟ್ಟಿ ಖಾಲಿ ಮಾಡೋಣ

ಬೆನ್ನೆಲುಬು ಎಂದರೆ ಒಂದೇ ಉದ್ದ ಕೋಲಲ್ಲ. ಮಣಿ ಪೋಣಿಸಿದ ಸರದ ಹಾಗೆ ಚಿಕ್ಕ ಚಿಕ್ಕ ಮೂಳೆಗಳ ಸಾಲು. ಆ ಸಾಲಿನೊಳಗಿನ ಕೊಳವೆಯಲ್ಲಿ ಮಿದುಳಿನಿಂದ ಬಾಲದ ತನಕ ನರದ ಹಗ್ಗ ಇಳಿದಿರುತ್ತದೆ. ಹುರಿದ ಬಂಗುಡೆ ತಿಂದು ಮುಗಿಸಿದ ಮೇಲೆ ತಟ್ಟೆಯಲ್ಲಿ ಉಳಿಯುವ ನಡುಮುಳ್ಳು ಇದೆಯಲ್ಲ, ಅದೇ ಅದರ ಬೆನ್ನೆಲುಬು. ಬೆರಳಲ್ಲಿ ಮುರಿದರೆ ಒಂದೊಂದು ಮಣಿಯೂ ಬೇರೆಯಾಗುತ್ತದೆ. ಇಂಥ ಸರ ಇರುವ ಪ್ರಾಣಿಗಳಿಗೆ ಪಠ್ಯಪುಸ್ತಕದ ಹೆಸರು ಕಶೇರುಕಗಳು.

ಈ ಒಂದು ಪರೀಕ್ಷೆ ಸಾಕು, ಅರ್ಧ ಬುಟ್ಟಿ ಖಾಲಿ. ಎಟ್ಟಿ, ಏಡಿಗೆ ಬೆನ್ನೆಲುಬಿಲ್ಲ. ಅವುಗಳ ಗಟ್ಟಿ ಭಾಗವೆಲ್ಲ ಹೊರಗಿನ ಚಿಪ್ಪು. ಆ ಲೆಕ್ಕದಲ್ಲಿ ಎಟ್ಟಿ ಬಂಗುಡೆಗಿಂತ ಜಿರಳೆಗೆ ಹತ್ತಿರ. (ಊಟದ ಹೊತ್ತಿನಲ್ಲಿ ಇದನ್ನು ಹೇಳಬೇಡಿ, ನನಗೆ ಅನುಭವವಾಗಿದೆ.) ಬೊಂಡಾಸ್‌ಗೂ ಬೆನ್ನೆಲುಬಿಲ್ಲ. ಅದು ಮರುವಾಯಿ, ಬಸವನಹುಳುವಿನ ಬಳಗ. ನಕ್ಷತ್ರ ಮೀನು, ಲೋಳೆ ಮೀನು ಹೆಸರಿಗೆ ಮಾತ್ರ ಮೀನು. ಒಟ್ಟಾರೆ ಭೂಮಿಯ ಮೇಲಿನ ಪ್ರಾಣಿ ಜಾತಿಗಳಲ್ಲಿ ನೂರಕ್ಕೆ 95ಕ್ಕೂ ಜಾಸ್ತಿ ಬೆನ್ನೆಲುಬು ಇಲ್ಲದವೇ. ನಾವು ಸಣ್ಣ ಪಂಗಡದವರು.

ಆ ಸಣ್ಣ ಪಂಗಡದೊಳಗೆ ದೊಡ್ಡ ಪಾಲು ಮೀನುಗಳದ್ದು. ಈವರೆಗೆ ಹೆಸರಿಟ್ಟ ಮೀನಿನ ಜಾತಿಗಳು 35 ಸಾವಿರಕ್ಕೂ ಜಾಸ್ತಿ. ಹಕ್ಕಿ, ಹಾವು, ಕಪ್ಪೆ, ಹಲ್ಲಿ, ಹುಲಿ, ಆನೆ, ಮನುಷ್ಯ ಎಲ್ಲ ಸೇರಿದರೂ ಹೆಚ್ಚುಕಡಿಮೆ ಅಷ್ಟೇ ಆಗುತ್ತವೆ.

## ಹಾಗಾದರೆ ಮೀನು ಅಂದರೆ ಏನು?

ಸಾಮಾನ್ಯವಾಗಿ ಹೇಳುವುದು ಹೀಗೆ: ಬೆನ್ನೆಲುಬು ಇರಬೇಕು, ನೀರಿನಲ್ಲಿ ಬದುಕಬೇಕು, ಕಿವಿರಿನಿಂದ ಉಸಿರಾಡಬೇಕು, ಈಜಲು ರೆಕ್ಕೆ ಇರಬೇಕು. ಕೈಕಾಲು ಬೆರಳು ಇರಬಾರದು.

ಕಿವಿರು ನೋಡಬೇಕೆಂದರೆ ಬಂಗುಡೆಯ ಕೆನ್ನೆಯ ಮೇಲಿನ ಮುಚ್ಚಳ ಎತ್ತಿ. ಒಳಗೆ ಕೆಂಪು ಬಾಚಣಿಗೆಯಂಥದ್ದು ಕಾಣುತ್ತದೆ. ತಾಜಾ ಮೀನೋ ಅಲ್ಲವೋ ಅಂತ ನೋಡಲು ಅಮ್ಮಂದಿರು ಎತ್ತಿ ನೋಡುವುದು ಅದನ್ನೇ. ಬಾಯಿಯಿಂದ ಒಳಬಂದ ನೀರು ಈ ಬಾಚಣಿಗೆಯ ಹಲ್ಲುಗಳ ನಡುವೆ ಹಾದು ಹೊರಹೋಗುತ್ತದೆ. ನೀರಿನಲ್ಲಿ ಕರಗಿದ ಆಮ್ಲಜನಕ ಅಲ್ಲೇ ರಕ್ತಕ್ಕೆ ಸೇರುತ್ತದೆ. ಕಿವಿರು ಕೆಂಪಗಿರುವುದು ಆ ರಕ್ತದಿಂದಲೇ.

ಈ ವಿವರಣೆ ಚೆನ್ನಾಗಿದೆ, ಆದರೆ ಬಿಗಿಯಿಲ್ಲ. ಮಲೆನಾಡಿನಲ್ಲಿ ಮೊದಲ ಮಳೆಗೆ ಹತ್ತುಮೀನು ಹಿಡಿಯಲು ಹೋದವರಿಗೆ ಗೊತ್ತು, ಮೀಸೆಯ ಮುಗುಡು ನೀರಿನಿಂದ ತೆಗೆದ ಎಷ್ಟೋ ಹೊತ್ತಿನ ತನಕ ಸಾಯುವುದಿಲ್ಲ. ಅದಕ್ಕೆ ಕಿವಿರಿನ ಜೊತೆಗೆ ಗಾಳಿಯನ್ನೇ ಉಸಿರಾಡುವ ಏರ್ಪಾಡೂ ಇದೆ. ಹಾವುಮೀನಿನ ಆಕಾರ ಹಾವಿನದು, ಕಡಲ ಕುದುರೆಯ ಮುಖ ಕುದುರೆಯದು. ಎರಡೂ ಮೀನುಗಳೇ. ಮೀನೆಂದರೆ ತಣ್ಣನೆ ರಕ್ತ ಅನ್ನುತ್ತೇವೆ. ಕಡಲಲ್ಲಿ ವೇಗವಾಗಿ ಈಜುವ ದೊಡ್ಡ ಟ್ಯೂನಾಗಳು ಮೈಯ ಕೆಲವು ಭಾಗಗಳನ್ನು ಸುತ್ತಲಿನ ನೀರಿಗಿಂತ ಬೆಚ್ಚಗೆ ಇಟ್ಟುಕೊಳ್ಳುತ್ತವೆ.

ಹಾಗಾಗಿ ಹೊರಗಿನ ವೇಷ ನೋಡಿ ಗುಂಪು ಮಾಡುವುದರಲ್ಲಿ ತೊಂದರೆ ಇದೆ. ಒಳಗಿನ ರಚನೆ ನೋಡಬೇಕು. ಒಳಗೆ ನೋಡಿದರೆ ಮೀನು ಅಂತ ನಾವು ಕರೆಯುವುದು ಒಂದು ಮನೆಯಲ್ಲ, ನಾಲ್ಕು ಮನೆ.

## ನಾಲ್ಕು ಮನೆಗಳು

ಮೊದಲನೆಯದು ದವಡೆ ಇಲ್ಲದವರ ಮನೆ. ಲ್ಯಾಂಪ್ರೇ, ಹ್ಯಾಗ್‌ಫಿಶ್ ಅನ್ನುವ ಹಾವಿನಂಥ ಜೀವಿಗಳು. ಬಾಯಿ ದುಂಡಗೆ, ಮೇಲೆ ಕೆಳಗೆ ತೆರೆದು ಮುಚ್ಚುವ ದವಡೆಯಿಲ್ಲ. ಕೆಲವು ಲ್ಯಾಂಪ್ರೇಗಳು ಬೇರೆ ಮೀನಿಗೆ ಅಂಟಿಕೊಂಡು ರಕ್ತ ಹೀರುತ್ತವೆ. ನಮ್ಮ ಮಾರುಕಟ್ಟೆಯಲ್ಲಿ ಇವು ಸಿಗುವುದಿಲ್ಲ, ಹಾಗಾಗಿ ಮುಂದೆ ಹೋಗೋಣ.

ಎರಡನೆಯದು ತೊರಕೆ ಮತ್ತು ಶಾರ್ಕ್‌ಗಳ ಮನೆ. ಶಾರ್ಕ್‌ಗೆ ನಮ್ಮ ಕಡೆ ತಾಟೆ ಅನ್ನುತ್ತಾರೆ. ಜಗತ್ತಿನಲ್ಲಿ ಸಾವಿರದಿನ್ನೂರಕ್ಕೂ ಹೆಚ್ಚು ಜಾತಿಗಳಿವೆ. ಪುಸ್ತಕದಲ್ಲಿ ಮೃದ್ವಸ್ಥಿ ಮೀನುಗಳು ಅಂತ ಇರುತ್ತದೆ. ಮೃದ್ವಸ್ಥಿ ಅಂದರೆ ಮೆದು ಎಲುಬು. ನಿಮ್ಮ ಕಿವಿಯನ್ನು ಹಿಡಿದು ಬಗ್ಗಿಸಿ ನೋಡಿ. ಮಡಚುತ್ತದೆ, ಬಿಟ್ಟರೆ ಮತ್ತೆ ಮೊದಲಿನ ಹಾಗೆ ನಿಲ್ಲುತ್ತದೆ. ಅದೇ ಮೃದ್ವಸ್ಥಿ. ತೊರಕೆಯ ಇಡೀ ಅಸ್ಥಿಪಂಜರ ಅದರಿಂದ ಆದದ್ದು. ತೊರಕೆ ಪುಳಿಮುಂಚಿ ತಿನ್ನುವಾಗ ಮುಳ್ಳು ಚುಚ್ಚುವುದಿಲ್ಲ, ಮಕ್ಕಳಿಗೆ ಧೈರ್ಯವಾಗಿ ಕೊಡಬಹುದು ಅನ್ನುತ್ತಾರಲ್ಲ, ಕಾರಣ ಇದು. ಕಟುಂ ಕಟುಂ ಅಂತ ಅಗಿದು ನುಂಗಿಬಿಡಬಹುದು.

ಮೂರನೆಯದು ಬಂಗುಡೆಯ ಮನೆ. ಭೂತಾಯಿ, ಅಂಜಲ್, ಮಾಂಜಿ, ಕಾಣೆ, ಕೊಡ್ಡಾಯಿ, ಕೆರೆಯ ಕಾಟ್ಲಾ, ರೋಹು, ಅಕ್ವೇರಿಯಂನ ಚಿನ್ನದ ಮೀನು ಎಲ್ಲ ಇದರಲ್ಲೇ. ನಾವು ಕಂಡ ನೂರು ಮೀನಿನಲ್ಲಿ ತೊಂಬತ್ತಕ್ಕೂ ಹೆಚ್ಚು ಇವೇ. ಇವುಗಳ ಅಸ್ಥಿಪಂಜರ ಗಟ್ಟಿ ಮೂಳೆಯದು. ರೆಕ್ಕೆಯನ್ನು ಬಿಡಿಸಿ ನೋಡಿದರೆ ಬೀಸಣಿಗೆಯಂತೆ ಕಡ್ಡಿಗಳು, ನಡುವೆ ತೆಳು ಪೊರೆ. ಸುಮ್ನೆ ನೆನಪಿಗೆ ಇರಲಿ ಅಂತ ಇವನ್ನು ಕಡ್ಡಿರೆಕ್ಕೆಯವು ಅನ್ನುತ್ತೇನೆ.

ನಾಲ್ಕನೆಯದು ಬಹಳ ಚಿಕ್ಕ ಮನೆ. ಇವತ್ತು ಬದುಕಿರುವ ಮೀನುಗಳಲ್ಲಿ ಈ ಮನೆಯವು ಎಂಟೇ ಜಾತಿ: ಆರು ಶ್ವಾಸಕೋಶ ಮೀನುಗಳು, ಎರಡು ಸೀಲಕ್ಯಾಂತ್‌ಗಳು. ಇವುಗಳ ರೆಕ್ಕೆ ನೇರವಾಗಿ ಮೈಯಿಂದ ಹೊರಡುವುದಿಲ್ಲ. ಮೊದಲು ಮಾಂಸದ ಒಂದು ಚಿಕ್ಕ ತೋಳು, ಒಳಗೆ ಮೂಳೆ, ಅದರ ತುದಿಗೆ ರೆಕ್ಕೆ. ಇವು ತೋಳುರೆಕ್ಕೆಯವು. ಈ ತೋಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

## ತೊರಕೆ ನಾರುವುದು ಯಾಕೆ?

ಮೀನಿನ ಅಕ್ಕನ ಮಾತಿಗೆ ಬರೋಣ. ಎರಡನೇ ಮತ್ತು ಮೂರನೇ ಮನೆಯ ವ್ಯತ್ಯಾಸ ಅಡುಗೆಮನೆಯಲ್ಲೇ ಗೊತ್ತಾಗುತ್ತದೆ.

ಕಡಲ ನೀರು ಮೈಯೊಳಗಿನ ನೀರಿಗಿಂತ ಬಹಳ ಉಪ್ಪು. ಉಪ್ಪಿನಕಾಯಿಗೆ ಹಾಕಿದ ಮಾವಿನಮಿಡಿಯನ್ನು ನೆನೆಸಿಕೊಳ್ಳಿ. ಹೊರಗೆ ಉಪ್ಪು ಜಾಸ್ತಿಯಾದ್ದರಿಂದ ಮಿಡಿ ನೀರು ಬಿಟ್ಟು ಸುಕ್ಕಾಗುತ್ತದೆ. ಕಡಲ ಮೀನಿಗೂ ಅದೇ ಅಪಾಯ. ಬಂಗುಡೆ ಅದಕ್ಕೆ ಹುಡುಕಿಕೊಂಡ ದಾರಿ, ಕಡಲ ನೀರನ್ನೇ ಕುಡಿದು ಜಾಸ್ತಿ ಉಪ್ಪನ್ನು ಕಿವಿರಿನಿಂದ ಹೊರಹಾಕುವುದು. ತೊರಕೆ ಮತ್ತು ಶಾರ್ಕ್‌ಗಳ ದಾರಿ ಬೇರೆ. ಅವು ಯೂರಿಯಾವನ್ನು ಹೊರಗೆ ಬಿಡದೆ ರಕ್ತ ಮಾಂಸದಲ್ಲೇ ಉಳಿಸಿಕೊಳ್ಳುತ್ತವೆ. ಒಳಗೂ ಹೊರಗೂ ಸಾಂದ್ರತೆ ಸರಿಸಮವಾದರೆ ನೀರು ಹೊರಹೋಗುವ ಮಾತೇ ಇಲ್ಲ.

ಯೂರಿಯಾ ಅಂದರೆ ನಮ್ಮ ಮೂತ್ರದಲ್ಲಿರುವ ವಸ್ತುವೇ. ತೊರಕೆ ಸತ್ತ ಮೇಲೆ ಬ್ಯಾಕ್ಟೀರಿಯಾಗಳು ಆ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ. ನಾಳೆಗಿಟ್ಟ ತೊರಕೆ ನಾರುವುದು ಅದಕ್ಕೇ.

ವ್ಯತ್ಯಾಸ ಅಷ್ಟಕ್ಕೇ ನಿಲ್ಲುವುದಿಲ್ಲ. ಬಂಗುಡೆಯ ಕಿವಿರಿಗೆ ಒಂದು ಮುಚ್ಚಳ ಇದೆ. ಶಾರ್ಕ್‌ಗೆ ಮುಚ್ಚಳವಿಲ್ಲ, ಸಾಮಾನ್ಯವಾಗಿ ಒಂದೊಂದು ಬದಿಗೆ ಐದು ಸೀಳು. ತೊರಕೆಗೆ ಆ ಸೀಳುಗಳು ಹೊಟ್ಟೆಯ ಕಡೆ ಇರುತ್ತವೆ. ಶಾರ್ಕಿನ ಚರ್ಮದ ಮೇಲೆ ಬಾಲದಿಂದ ತಲೆಯ ಕಡೆಗೆ ಕೈಯಾಡಿಸಿದರೆ ಮರಳು ಕಾಗದ ಉಜ್ಜಿದಂತೆ ಆಗುತ್ತದೆ. ಅದರ ಹುರುಪೆಗಳ ರಚನೆ ಹಲ್ಲಿನಂಥದ್ದು. ಬಂಗುಡೆ ಮೊಟ್ಟೆಯನ್ನು ನೀರಿಗೆ ಬಿಡುತ್ತದೆ. ಬಾಲದಲ್ಲಿ ವಿಷದ ಮುಳ್ಳಿರುವ ತೊರಕೆಗಳು ಮರಿಯನ್ನೇ ಹಾಕುತ್ತವೆ.

ಇನ್ನೊಂದು ವ್ಯತ್ಯಾಸ ಗಾಳಿಚೀಲದ್ದು. ಕೆರೆಯ ರೋಹು ಅಥವಾ ಕಾಟ್ಲಾ ಸೀಳಿದರೆ ಬೆನ್ನೆಲುಬಿನ ಕೆಳಗೆ ಬಿಳಿ ಬಲೂನು ಸಿಗುತ್ತದೆ. ನಡುವೆ ಸೊಂಟ ಹಿಡಿದಂತೆ ಕಿರಿದಾಗಿ ಎರಡು ಕೋಣೆ. ನಾವು ಚಿಕ್ಕವರಿದ್ದಾಗ ಅದನ್ನು ಕಾಲಲ್ಲಿ ಒತ್ತಿ ಪಟ್ ಅನ್ನಿಸುವುದಕ್ಕೆ ಜಗಳ. ಮೀನು ಮುಳುಗದೆ, ತೇಲದೆ, ಬೇಕಾದ ಆಳದಲ್ಲಿ ನಿಲ್ಲುವುದು ಇದರ ಸಹಾಯದಿಂದ. ಶಾರ್ಕ್‌ಗೆ, ತೊರಕೆಗೆ ಈ ಚೀಲವಿಲ್ಲ. ಶಾರ್ಕ್ ಹಗುರಾಗಿರುವುದು ತನ್ನ ದೊಡ್ಡ ಪಿತ್ತಜನಕಾಂಗದ ಎಣ್ಣೆಯಿಂದ. ಆ ಎಣ್ಣೆಗಾಗಿಯೇ ಗುಜರಾತ್ ಕರಾವಳಿಯಲ್ಲಿ ತಿಮಿಂಗಿಲ ಶಾರ್ಕ್‌ಗಳನ್ನು ಬೇಟೆಯಾಡುತ್ತಿದ್ದರು, ಮರದ ದೋಣಿಗೆ ಬಳಿಯುತ್ತಿದ್ದರು. 2001ರಲ್ಲಿ ಅದನ್ನು ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಗೆ ಸೇರಿಸಿದ ಮೇಲೆ ಬೇಟೆ ಅಪರಾಧವಾಯಿತು. ಹೆಸರಿನಲ್ಲಿ ತಿಮಿಂಗಿಲ ಇದ್ದರೂ ಅದು ಶಾರ್ಕೇ, ಜಗತ್ತಿನ ಅತಿ ದೊಡ್ಡ ಮೀನು.

## ಊರವರು ಬೇರೆ, ಕುಟುಂಬದವರು ಬೇರೆ

ಈಗ ಶುರುವಿನಲ್ಲಿ ಹೇಳಿದ ಮಾತಿಗೆ ಬರೋಣ. ಬಂಗುಡೆಗೆ ತೊರಕೆಗಿಂತ ನಾವು ಹತ್ತಿರ ಹೇಗಾದೆವು?

ಒಂದು ಹಳ್ಳಿ ಮನೆಯನ್ನು ನೆನೆಸಿಕೊಳ್ಳಿ. ದೊಡ್ಡಜ್ಜ, ಚಿಕ್ಕಜ್ಜ ಅಣ್ಣತಮ್ಮಂದಿರು. ದೊಡ್ಡಜ್ಜನ ಮೊಮ್ಮಗ ಊರಲ್ಲೇ ಗದ್ದೆ ಮಾಡಿಕೊಂಡಿದ್ದಾನೆ. ಚಿಕ್ಕಜ್ಜನಿಗೆ ಇಬ್ಬರು ಮೊಮ್ಮಕ್ಕಳು, ಒಬ್ಬನೇ ಮಗನ ಮಕ್ಕಳು. ಅವರಲ್ಲಿ ಅಣ್ಣ ಊರಲ್ಲೇ ಗದ್ದೆ ಮಾಡುತ್ತಾನೆ. ತಮ್ಮ ಮುಂಬೈಗೆ ಹೋಗಿ ಹೋಟೆಲ್ ಇಟ್ಟು ಅಲ್ಲಿಯವನೇ ಆಗಿಬಿಟ್ಟ. ಮಾತು, ಬಟ್ಟೆ, ಊಟ ಎಲ್ಲ ಬದಲಾಯಿತು.

"ಊರವರು ಯಾರು?" ಅಂದರೆ ಗದ್ದೆಯಲ್ಲಿರುವ ಇಬ್ಬರನ್ನು ತೋರಿಸುತ್ತೇವೆ. ಇಬ್ಬರದ್ದೂ ಒಂದೇ ರೀತಿಯ ಬದುಕು, ಒಂದೇ ರೀತಿಯ ಮುಂಡು. ಆದರೆ "ಒಡಹುಟ್ಟಿದವರು ಯಾರು?" ಅಂತ ಕೇಳಿದರೆ? ಊರಲ್ಲಿರುವ ಅಣ್ಣನ ಒಡಹುಟ್ಟಿದವನು ಮುಂಬೈಯಲ್ಲಿದ್ದಾನೆ. ಪಕ್ಕದ ಗದ್ದೆಯವನು ದೊಡ್ಡಜ್ಜನ ಕಡೆಯವನು, ದೂರದ ಸಂಬಂಧ.

ದೊಡ್ಡಜ್ಜನ ಕಡೆಯವನು ತೊರಕೆ. ಊರಲ್ಲುಳಿದ ಅಣ್ಣ ಬಂಗುಡೆ. ಮುಂಬೈಗೆ ಹೋದ ತಮ್ಮ ನಾವು: ಕಪ್ಪೆ, ಹಲ್ಲಿ, ಹಕ್ಕಿ, ಹಸು, ಮನುಷ್ಯ, ಅಂದರೆ ನೆಲಕ್ಕೆ ಬಂದವರೆಲ್ಲ. ಶ್ವಾಸಕೋಶ ಮೀನು ಮತ್ತು ಸೀಲಕ್ಯಾಂತ್ ತಮ್ಮನ ಜೊತೆ ಬಸ್‌ಸ್ಟ್ಯಾಂಡ್ ತನಕ ಬಂದು ಬಸ್ಸು ಹತ್ತದೆ ಉಳಿದವರು. ಅವು ನಮಗೆ ಬಂಗುಡೆಗಿಂತಲೂ ಹತ್ತಿರ.

ಕಾಲದ ಲೆಕ್ಕ ಹೇಳುವುದಾದರೆ, ತೊರಕೆ-ಶಾರ್ಕ್‌ಗಳ ಕವಲು ಉಳಿದವರಿಂದ ಬೇರೆಯಾದದ್ದು ಅಂದಾಜು 45 ಕೋಟಿ ವರ್ಷಗಳ ಹಿಂದೆ. ಕಡ್ಡಿರೆಕ್ಕೆಯವರ ಮತ್ತು ತೋಳುರೆಕ್ಕೆಯವರ ದಾರಿ ಬೇರೆಯಾದದ್ದು ಅದಾದ ಮೇಲೆ, ಸುಮಾರು 42-43 ಕೋಟಿ ವರ್ಷಗಳ ಹಿಂದೆ. ತೋಳುರೆಕ್ಕೆಯ ಒಂದು ಕವಲು ಆಮೇಲೆ ನೆಲಕ್ಕೆ ಹತ್ತಿತು. ಕೊನೆಗೆ ಬೇರೆಯಾದವರು ಹತ್ತಿರದ ನೆಂಟರು. ಲೆಕ್ಕ ಅಷ್ಟೇ.

ಹೀಗೆ ಸಂಬಂಧ ನೋಡಿ ಗುಂಪು ಮಾಡುವ ಪದ್ಧತಿಯನ್ನು ನಿಯಮಬದ್ಧವಾಗಿ ಕಟ್ಟಿದವರು ಜರ್ಮನಿಯ ವಿಲ್ಲಿ ಹೆನ್ನಿಗ್, 1950ರಲ್ಲಿ. ಅವರ ನಿಯಮ ಸರಳ: ಒಬ್ಬ ಹಿರಿಯನ ಹೆಸರಿನಲ್ಲಿ ಗುಂಪು ಮಾಡಿದರೆ ಅವನ ಸಂತಾನ ಪೂರ್ತಿ ಒಳಗಿರಬೇಕು. ಮುಂಬೈಗೆ ಹೋದ ಅಂತ ಒಬ್ಬನನ್ನು ವಂಶಾವಳಿಯಿಂದ ಹೊಡೆದುಹಾಕುವಂತಿಲ್ಲ. ಈ ನಿಯಮ ಹಿಡಿದರೆ ಎರಡೇ ದಾರಿ. ಮೀನು ಅನ್ನುವ ಗುಂಪಿಗೆ ನಾವೂ ಸೇರಬೇಕು, ಅಥವಾ ಮೀನು ಅನ್ನುವ ಗುಂಪನ್ನೇ ಕೈಬಿಡಬೇಕು. ವಿಜ್ಞಾನಿಗಳು ಎರಡನೆಯದನ್ನು ಆರಿಸಿಕೊಂಡಿದ್ದಾರೆ. ಈಗಿನ ವರ್ಗೀಕರಣದಲ್ಲಿ ನಾಲ್ಕು ಮನೆಗಳಿಗೂ ಬೇರೆ ಬೇರೆ ಹೆಸರಿದೆ. ಎಲ್ಲಕ್ಕೂ ಸೇರಿ "ಮೀನು" ಅನ್ನುವುದು "ಊರವರು" ಅಂದ ಹಾಗೆ, ಎಲ್ಲಿ ಹೇಗೆ ಬದುಕುತ್ತಾರೆ ಅಂತ ಹೇಳುವ ಮಾತು.

ಇಲ್ಲಿ ತಪ್ಪು ತಿಳಿಯುವ ಜಾಗ ಒಂದಿದೆ. ಬಂಗುಡೆಯಿಂದ ಮನುಷ್ಯ ಬಂದ ಅಂತ ಇದರ ಅರ್ಥವಲ್ಲ. ಅಣ್ಣ ತಮ್ಮನಿಗೆ ಅಪ್ಪ ಆಗುವುದಿಲ್ಲ, ಅಲ್ವಾ? ಇಬ್ಬರಿಗೂ ಒಬ್ಬ ಅಪ್ಪ ಇದ್ದ. ಬಂಗುಡೆಯೂ ಅವತ್ತಿನಿಂದ ಇವತ್ತಿನ ತನಕ ನಮ್ಮಷ್ಟೇ ಕಾಲ ಬದಲಾಗುತ್ತಾ ಬಂದಿದೆ. ತೊರಕೆಯ ಮೆದು ಎಲುಬು ಹಳೆಯ ಕಾಲದ ಪಳೆಯುಳಿಕೆ, ಗಟ್ಟಿ ಮೂಳೆ ಆಮೇಲಿನದು ಅಂತಲೂ ಮೊದಲು ನಂಬಿದ್ದರು. ಆದರೆ ದವಡೆ ಇದ್ದ ತೀರಾ ಹಳೆಯ ಮೀನುಗಳ ಪಳೆಯುಳಿಕೆಯಲ್ಲಿ ಗಟ್ಟಿ ಮೂಳೆಯ ಕವಚವೇ ಸಿಕ್ಕಿದೆ. ಶಾರ್ಕ್‌ಗಳ ಹಿರಿಯರು ಇದ್ದ ಮೂಳೆಯನ್ನು ಬಿಟ್ಟುಕೊಟ್ಟಿರಬೇಕು ಅನ್ನುವುದು ಈಗಿನ ತಿಳಿವಳಿಕೆ.

## ಮೀನುಗಾರನ ಬಲೆಯಲ್ಲಿ ಬಂದ ತೋಳು

1938ರ ಡಿಸೆಂಬರ್ 22. ದಕ್ಷಿಣ ಆಫ್ರಿಕಾದ ಈಸ್ಟ್ ಲಂಡನ್ ಅನ್ನುವ ಬಂದರು. ಅಲ್ಲಿನ ಚಿಕ್ಕ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಮಾರ್ಜರಿ ಕೋರ್ಟ್ನೀ-ಲ್ಯಾಟಿಮರ್‌ಗೆ ಫೋನ್ ಬಂತು. ವಿಚಿತ್ರ ಮೀನು ಸಿಕ್ಕಿದರೆ ತಿಳಿಸಿ ಅಂತ ಬೋಟಿನವರಿಗೆ ಆಕೆ ಮೊದಲೇ ಹೇಳಿಟ್ಟಿದ್ದಳು. ಮೀನಿನ ರಾಶಿಯ ಕೆಳಗೆ ನೀಲಿ ರೆಕ್ಕೆಯೊಂದು ಕಂಡಿತು. ಎಳೆದು ನೋಡಿದರೆ ಸುಮಾರು ಒಂದೂವರೆ ಮೀಟರ್ ಉದ್ದದ ಮೀನು, ರೆಕ್ಕೆಗಳ ಬುಡದಲ್ಲಿ ಮಾಂಸದ ತೋಳು. ಟ್ಯಾಕ್ಸಿಯವನು ಹತ್ತಿಸಿಕೊಳ್ಳಲು ಗೊಣಗಿದನಂತೆ. ಕೊನೆಗೂ ಮ್ಯೂಸಿಯಂಗೆ ತಂದು, ಚಿತ್ರ ಬರೆದು, ಮೀನು ತಜ್ಞ ಜೆ.ಎಲ್.ಬಿ. ಸ್ಮಿತ್‌ಗೆ ಕಾಗದ ಹಾಕಿದಳು.

ಅದು ಸೀಲಕ್ಯಾಂತ್. ಅದರ ಬಳಗ ಡೈನೋಸಾರ್‌ಗಳ ಜೊತೆಗೇ, ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಅಳಿದುಹೋಯಿತು ಅಂತ ಎಲ್ಲರೂ ನಂಬಿದ್ದರು. ಕಲ್ಲಿನಲ್ಲಿ ಮಾತ್ರ ನೋಡಿದ್ದ ಮೀನು ಕಣ್ಣೆದುರಿಗೆ ಮಲಗಿತ್ತು. ಸ್ಮಿತ್ ಅದಕ್ಕೆ ಲ್ಯಾಟಿಮರ್ ಹೆಸರನ್ನೇ ಇಟ್ಟರು, ಲ್ಯಾಟಿಮೇರಿಯಾ ಅಂತ. ಎರಡನೆಯದು ಸಿಗಲು 1952ರ ತನಕ ಕಾಯಬೇಕಾಯಿತು.

ಆ ತೋಳಿನ ಮುಂದಿನ ಅಧ್ಯಾಯ ಕೆನಡಾದ ಉತ್ತರ ತುದಿಯ ಎಲ್ಸ್‌ಮೀರ್ ದ್ವೀಪದಲ್ಲಿ ಸಿಕ್ಕಿತು. 2004ರಲ್ಲಿ ಅಲ್ಲಿ ಅಗೆದಾಗ ಸಿಕ್ಕ ಪಳೆಯುಳಿಕೆಗೆ ಟಿಕ್ಟಾಲಿಕ್ ಅಂತ ಹೆಸರಿಟ್ಟರು. ಸುಮಾರು 37.5 ಕೋಟಿ ವರ್ಷ ಹಳೆಯದು. ಕಿವಿರು, ಹುರುಪೆ, ರೆಕ್ಕೆ ಮೀನಿನದು. ಚಪ್ಪಟೆ ತಲೆ, ಆಚೀಚೆ ತಿರುಗುವ ಕುತ್ತಿಗೆ ಮೀನಿನದಲ್ಲ. ರೆಕ್ಕೆಯೊಳಗೆ ಮಣಿಕಟ್ಟಿನಂಥ ಕೀಲು ಇತ್ತು.

ಈಗ ನಿಮ್ಮ ಎಡಗೈಯನ್ನು ಬಲಗೈಯಿಂದ ಮುಟ್ಟಿಕೊಂಡು ಬನ್ನಿ. ಭುಜದಿಂದ ಮೊಣಕೈ ತನಕ ಒಂದೇ ಮೂಳೆ. ಮೊಣಕೈಯಿಂದ ಮಣಿಕಟ್ಟಿನ ತನಕ ಎರಡು. ಆಮೇಲೆ ಚಿಕ್ಕ ಚಿಕ್ಕ ಮೂಳೆಗಳ ಗೊಂಚಲು, ಕೊನೆಗೆ ಬೆರಳು. ಒಂದು, ಎರಡು, ಗೊಂಚಲು. ಟಿಕ್ಟಾಲಿಕ್‌ನ ರೆಕ್ಕೆಯಲ್ಲೂ ಇದೇ ಕ್ರಮ. ಕಪ್ಪೆಯ ಕಾಲು, ಬಾವಲಿಯ ರೆಕ್ಕೆ, ನಾಯಿಯ ಮುಂಗಾಲು ಎಲ್ಲದರಲ್ಲೂ ಇದೇ. ಬೆರಳು ಮಾತ್ರ ಟಿಕ್ಟಾಲಿಕ್‌ಗೆ ಇನ್ನೂ ಬಂದಿರಲಿಲ್ಲ.

ಕಿವಿಯೊಳಗೂ ಹಳೆಯ ಮೀನು ಉಳಿದಿದೆ. ನಮ್ಮ ನಡುಗಿವಿಯಲ್ಲಿ ಅಕ್ಕಿಕಾಳಿನಷ್ಟು ಚಿಕ್ಕ ಮೂರು ಮೂಳೆಗಳಿವೆ. ಅವುಗಳಲ್ಲಿ ಎರಡು ಹಿಂದೆ ದವಡೆಯ ಕೀಲಾಗಿದ್ದವು. ಮೂರನೆಯದು ದವಡೆಯನ್ನು ತಲೆಬುರುಡೆಗೆ ಆನಿಸಿ ಹಿಡಿದ ಮೂಳೆಯಾಗಿತ್ತು. ಮೀನಿಗೆ ಕಚ್ಚಲು ಬೇಕಾಗಿದ್ದ ಸಾಮಾನು ನಮಗೆ ಕೇಳಲು ಒದಗಿತು.

ಶ್ವಾಸಕೋಶದ ಕಥೆ ಇನ್ನೂ ತಲೆಕೆಳಗು. ಗಾಳಿಚೀಲವೇ ಬೆಳೆದು ಶ್ವಾಸಕೋಶವಾಯಿತು ಅಂತ ಡಾರ್ವಿನ್ ಅಂದುಕೊಂಡಿದ್ದರು. ಈಗ ಗೊತ್ತಾಗಿರುವುದು ಅದರ ಉಲ್ಟಾ. ಮೂಳೆ ಮೀನುಗಳ ಹಿರಿಯರಿಗೆ ಮೊದಲು ಇದ್ದದ್ದೇ ಶ್ವಾಸಕೋಶ. ನಾವು ಪಟ್ ಅನ್ನಿಸಿದ ರೋಹುವಿನ ಬಲೂನು, ಕೆಲಸ ಬದಲಿಸಿದ ಶ್ವಾಸಕೋಶ.

## ಮರಳಿ ನೀರಿಗೆ ಹೋದವರು

ಮುಂಬೈಗೆ ಹೋದವನ ಮಗ ಊರಿಗೆ ವಾಪಸು ಬಂದು ಗದ್ದೆ ಮಾಡಿದರೆ? ತಿಮಿಂಗಿಲ ಮತ್ತು ಡಾಲ್ಫಿನ್ ಅಂಥವು. ನೆಲದ ಮೇಲೆ ನಾಲ್ಕು ಕಾಲಲ್ಲಿ ಓಡಾಡುತ್ತಿದ್ದ ಸಸ್ತನಿಗಳು ಕಡಲಿಗೆ ಮರಳಿದವು. ವೇಷ ಮತ್ತೆ ಮೀನಿನದಾಯಿತು, ಒಳಗಿನದು ಬದಲಾಗಲಿಲ್ಲ. ಗಾಳಿ ಉಸಿರಾಡುತ್ತವೆ, ಮರಿಗೆ ಹಾಲು ಕೊಡುತ್ತವೆ.

ದೂರದಿಂದ ಗುರುತಿಸಲು ಬಾಲ ನೋಡಿದರೆ ಸಾಕು. ಬಂಗುಡೆ, ಶಾರ್ಕ್‌ಗಳ ಬಾಲ ನೆಟ್ಟಗೆ ನಿಂತಿರುತ್ತದೆ, ಎಡಕ್ಕೆ ಬಲಕ್ಕೆ ಬೀಸುತ್ತದೆ. ತಿಮಿಂಗಿಲ, ಡಾಲ್ಫಿನ್‌ಗಳ ಬಾಲ ಅಡ್ಡಕ್ಕೆ ಮಲಗಿರುತ್ತದೆ, ಮೇಲೆ ಕೆಳಗೆ ಬಡಿಯುತ್ತದೆ. ಓಡುವ ನಾಯಿಯ ಬೆನ್ನು ನೋಡಿ, ಅದೂ ಮೇಲೆ ಕೆಳಗೆ ಬಾಗುತ್ತದೆ. ಆ ಅಭ್ಯಾಸ ಕಡಲಿಗೆ ಹೋದರೂ ಬಿಡಲಿಲ್ಲ.

ಇದನ್ನು ಒಪ್ಪಿಸಲು ವಿಜ್ಞಾನಕ್ಕೆ ಬಹಳ ಕಷ್ಟವಾಯಿತು. ಸ್ವೀಡನ್ನಿನ ಪೀಟರ್ ಆರ್ಟೆಡಿ ಮೀನುಗಳನ್ನು ಶಿಸ್ತಾಗಿ ವಿಂಗಡಿಸಿದ ಮೊದಲಿಗರಲ್ಲಿ ಒಬ್ಬ. ಬಾಲ ಅಡ್ಡಕ್ಕಿದೆ ಅಂತ ಗಮನಿಸಿದರೂ ತಿಮಿಂಗಿಲವನ್ನು ಮೀನುಗಳಲ್ಲೇ ಇಟ್ಟ. 1735ರಲ್ಲಿ, ಮೂವತ್ತರ ವಯಸ್ಸಿನಲ್ಲಿ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ರಾತ್ರಿ ಕಾಲುವೆಗೆ ಬಿದ್ದು ತೀರಿಕೊಂಡ. ಅವನ ಬರಹಗಳನ್ನು 1738ರಲ್ಲಿ ಅಚ್ಚು ಹಾಕಿಸಿದ್ದು ಗೆಳೆಯ ಕಾರ್ಲ್ ಲಿನೇಯಸ್. ಆ ಲಿನೇಯಸ್ಸೇ 1758ರಲ್ಲಿ ತಿಮಿಂಗಿಲವನ್ನು ಮೀನಿನಿಂದ ತೆಗೆದು ಸಸ್ತನಿಗಳ ಜೊತೆ ಸೇರಿಸಿದ. ಅಲ್ಲಿಗೆ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಅದೇ ವರ್ಷ ಅವನು ಶಾರ್ಕ್ ಮತ್ತು ತೊರಕೆಗಳನ್ನು ಕಪ್ಪೆ, ಹಾವುಗಳ ಜೊತೆ ಉಭಯವಾಸಿಗಳಲ್ಲಿ ಇಟ್ಟಿದ್ದ!

ಅರವತ್ತು ವರ್ಷಗಳ ನಂತರವೂ ಜನ ಒಪ್ಪಿರಲಿಲ್ಲ. ನ್ಯೂಯಾರ್ಕ್‌ನಲ್ಲಿ ಮೀನೆಣ್ಣೆಯ ಪೀಪಾಯಿಗಳನ್ನು ಸರ್ಕಾರಿ ಇನ್‌ಸ್ಪೆಕ್ಟರ್‌ಗೆ ತೋರಿಸಿ ಶುಲ್ಕ ಕಟ್ಟಬೇಕಿತ್ತು. ಒಬ್ಬ ವ್ಯಾಪಾರಿ, ತನ್ನ ಮೂರು ಪೀಪಾಯಿಯಲ್ಲಿರುವುದು ತಿಮಿಂಗಿಲದ ಎಣ್ಣೆ, ತಿಮಿಂಗಿಲ ಮೀನಲ್ಲ, ಹಾಗಾಗಿ ಕಟ್ಟುವುದಿಲ್ಲ ಅಂದ. 1818ರ ಕೊನೆಗೆ ಕೋರ್ಟಿನಲ್ಲಿ ವಿಚಾರಣೆ ನಡೆಯಿತು. ತಜ್ಞ ಸ್ಯಾಮ್ಯುಯೆಲ್ ಮಿಚಿಲ್ ಸಾಕ್ಷಿ ಹೇಳಿದ, ತಿಮಿಂಗಿಲ ಮೀನಲ್ಲ ಎಂದು. ಜ್ಯೂರಿಯವರು ಕೇಳಿಸಿಕೊಂಡು, ತಿಮಿಂಗಿಲ ಮೀನೇ ಅಂತ ತೀರ್ಪು ಕೊಟ್ಟರು.

ಕಾನೂನಿನ ಮೀನು ಈಗಲೂ ಬೇರೆಯೇ. 2022ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಮೇಲ್ಮನವಿ ಕೋರ್ಟು, ರಾಜ್ಯದ ಅಳಿವಿನಂಚಿನ ಜೀವಿಗಳ ಕಾಯ್ದೆಯ ಮಟ್ಟಿಗೆ ಬಂಬಲ್ ಜೇನನ್ನು ಮೀನು ಅಂತ ಪರಿಗಣಿಸಬಹುದು ಅಂದಿತು. ಅಲ್ಲಿನ ಕಾಯ್ದೆಯಲ್ಲಿ ಮೀನು ಅನ್ನುವುದರ ವ್ಯಾಖ್ಯೆಯಲ್ಲೇ ಬೆನ್ನೆಲುಬಿಲ್ಲದ ಜೀವಿಗಳೂ ಇವೆ. ಜೇನಿಗೆ ರಕ್ಷಣೆ ಕೊಡಲು ಸಿಕ್ಕ ಬಾಗಿಲು ಅದೊಂದೇ.

## ಪರೀಕ್ಷೆಯಲ್ಲಿ ಏನು ಬರೆಯಬೇಕು?

ಮಗಳ ಪ್ರಶ್ನೆ ಇದು. ಪಾಠದಲ್ಲಿರುವ ಐದು ಗುಂಪು ಬರೆ ಅಂದೆ. ಮೀನು, ಕಪ್ಪೆ, ಹಲ್ಲಿ, ಹಕ್ಕಿ, ಹಸು ಅಂತ ವಿಂಗಡಿಸುವುದು ಪ್ರಾಣಿಗಳನ್ನು ಮೊದಲ ಸಲ ನೋಡುವವರಿಗೆ ಅನುಕೂಲ. ಪಿಯುಸಿಗೆ ಹೋದರೆ ದವಡೆ ಇಲ್ಲದವು, ಮೃದ್ವಸ್ಥಿ ಮೀನು, ಅಸ್ಥಿ ಮೀನು ಅಂತ ಬೇರೆ ಬೇರೆ ಬರುತ್ತವೆ. ಡಿಗ್ರಿಯಲ್ಲಿ ಜೀವಶಾಸ್ತ್ರ ತೆಗೆದುಕೊಂಡರೆ ವಂಶವೃಕ್ಷ ಎದುರಾಗುತ್ತದೆ. ಮಾರುಕಟ್ಟೆಗಂತೂ ಅಕ್ಕನ ಲೆಕ್ಕವೇ ಸಾಕು.

ಹೆಸರು ಸರಿಯಾಗಿ ಗೊತ್ತಿಲ್ಲದೆ ಕಷ್ಟಪಟ್ಟ ಮೀನೊಂದು ನಮ್ಮಲ್ಲೇ ಇದೆ. ಕಾವೇರಿಯಲ್ಲಿ ಕಿತ್ತಳೆ ರೆಕ್ಕೆಯ, ಬೆನ್ನು ಗೂನಾದ ದೊಡ್ಡ ಮಹಶೀರ್ ಇದೆ. 50 ಕಿಲೋ ದಾಟುವ ಮೀನು. ಬ್ರಿಟಿಷರ ಕಾಲದಿಂದ ಗಾಳ ಹಾಕುವವರು ಅದಕ್ಕಾಗಿಯೇ ಕಾವೇರಿಗೆ ಬರುತ್ತಿದ್ದರು. ಆದರೆ ಅದು ಯಾವ ಜಾತಿ ಅಂತ ವಿಜ್ಞಾನದ ದಾಖಲೆಯಲ್ಲಿ ಗಟ್ಟಿಯಾಗಿರಲಿಲ್ಲ. ಬೇರೆಡೆಯಲ್ಲಿ ಮರಿ ಮಾಡಿಸಿದ ನೀಲಿ ರೆಕ್ಕೆಯ ಮಹಶೀರ್ ಅನ್ನು ವರ್ಷಗಟ್ಟಲೆ ನದಿಗೆ ಬಿಟ್ಟರು. ಗೂನು ಬೆನ್ನಿನದು ಕಡಿಮೆಯಾಗುತ್ತಾ ಬಂತು. ಜಾತಿಯೇ ಗುರುತಾಗದಿದ್ದರೆ ಅಪಾಯದ ಪಟ್ಟಿಗೆ ಸೇರಿಸುವುದು ಹೇಗೆ?

2018ರಲ್ಲಿ ಮೂಳೆ, ಹುರುಪೆ, ಡಿಎನ್ಎ ಎಲ್ಲ ಹೋಲಿಸಿ ನೋಡಿದಾಗ, ಅದಕ್ಕೆ ಕೆಲವು ವರ್ಷ ಮೊದಲು ಕೇರಳದ ಪಾಂಬಾರ್ ಹೊಳೆಯ ಚಿಕ್ಕ ಮೀನುಗಳನ್ನು ನೋಡಿ ಹೆಸರಿಟ್ಟಿದ್ದ ಟಾರ್ ರೆಮದೇವಿ ಅನ್ನುವ ಜಾತಿಯೂ ಇದೂ ಒಂದೇ ಅಂತ ಗೊತ್ತಾಯಿತು. ಅದೇ ವರ್ಷ ಅದು "ತೀವ್ರ ಅಪಾಯದಲ್ಲಿರುವ" ಜೀವಿಗಳ ಕೆಂಪು ಪಟ್ಟಿಗೆ ಸೇರಿತು. ಈಗ ಅದು ಉಳಿದಿರುವುದು ಕಾವೇರಿ ಕೊಳ್ಳದ ಕೆಲವೇ ಹರಿವುಗಳಲ್ಲಿ. ಕಾವೇರಿ ದಡದವರು ಮಹಶೀರ್‌ಗೆ ಕನ್ನಡದಲ್ಲಿ ಬಿಳಿಮೀನು ಅನ್ನುತ್ತಾರೆ.